ಮನೆ ಅಡುಗೆಯ ಮಾರಾಟ: ಕಾನೂನು, ಕಟ್ಟಳೆ

ವಾಸದ ಮನೆಯ ಒಲೆಯ ಮೇಲೆ ಮಾಡಿದ ತಿನಿಸನ್ನು ಹಣಕ್ಕೆ ಕೊಡುವ ಸಣ್ಣ ವ್ಯಾಪಾರ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಸಾರಿನಪುಡಿ, ಚಟ್ನಿಪುಡಿ, ಚಕ್ಕುಲಿ, ಕೋಡುಬಳೆ, ಹೋಳಿಗೆ, ಖಡಕ್ ರೊಟ್ಟಿ, ಹುಟ್ಟುಹಬ್ಬದ ಕೇಕು, ಕಚೇರಿಗೆ ಹೋಗುವವರಿಗೆ ಕಟ್ಟಿಕೊಡುವ ಊಟದ ಡಬ್ಬಿ ಎಲ್ಲವೂ ಇದರೊಳಗೆ ಬರುತ್ತವೆ. ಭಾರತದಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾಯಿದೆಯಿಲ್ಲ. ಬಿಸ್ಕತ್ತಿನ ಕಾರ್ಖಾನೆಯನ್ನು ಆಳುವ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯೇ ಎರಡು ಒಲೆಯ ಅಡುಗೆಮನೆಯನ್ನೂ ಆಳುತ್ತದೆ. ವ್ಯಾಪಾರದ ಗಾತ್ರ ನೋಡಿ ಹೊರೆಯನ್ನು ಕಡಿಮೆ ಮಾಡಿದೆ, ಅಷ್ಟೆ. ಅಮೆರಿಕದಂಥ ಕೆಲವು ದೇಶಗಳು ಮನೆ ಅಡುಗೆಗೆ ಬೇರೆಯದೇ ಕಾನೂನು ಮಾಡಿಕೊಂಡಿವೆ. ಎರಡು ದಾರಿಗಳಿಗೂ ಇರುವ ವ್ಯತ್ಯಾಸ ಮೇಲ್ನೋಟಕ್ಕೆ ಕಾಣುವುದಕ್ಕಿಂತ ಆಳವಾದದ್ದು. ಭಾರತದ ಕಾನೂನು ಮೊದಲು ಕೇಳುವುದು ಎಷ್ಟು ಮಾರುತ್ತೀರಿ ಎಂದು, ಅಮೆರಿಕದ್ದು ಏನು ಮಾರುತ್ತೀರಿ ಎಂದು.

ಲಾಭಕ್ಕೆ ಮಾಡುತ್ತಿಲ್ಲ, ಅಕ್ಕಪಕ್ಕದವರು ಕೇಳಿದರೆ ಕೊಡುತ್ತೇನೆ ಎನ್ನುವವರು ತಾವು ಕಾನೂನಿನ ಹೊರಗಿದ್ದೇವೆ ಎಂದುಕೊಂಡಿರುತ್ತಾರೆ. ಕಾಯಿದೆಯ 3ನೆಯ ಸೆಕ್ಷನ್ನಿನ ವ್ಯಾಖ್ಯೆ ಅದಕ್ಕೆ ಎಡೆ ಕೊಡುವುದಿಲ್ಲ. ಲಾಭದ ಉದ್ದೇಶ ಇರಲಿ, ಇಲ್ಲದಿರಲಿ, ತಯಾರಿಕೆ, ಪ್ಯಾಕಿಂಗ್, ಸಂಗ್ರಹ, ಸಾಗಣೆ, ಮಾರಾಟ ಇವುಗಳಲ್ಲಿ ಯಾವುದನ್ನು ಮಾಡಿದರೂ ಅದು ಆಹಾರ ವ್ಯಾಪಾರವೇ. ಹೊರಗಿರುವವರು ರೈತರು ಮತ್ತು ಮೀನುಗಾರರು. ತೋಟದ ನಿಂಬೆಹಣ್ಣನ್ನು ಹಾಗೆಯೇ ಮಾರುವ ರೈತನಿಗೆ ಈ ಕಾಯಿದೆ ಅನ್ವಯಿಸುವುದಿಲ್ಲ. ಅದೇ ನಿಂಬೆಯನ್ನು ಉಪ್ಪಿನಕಾಯಿ ಹಾಕಿ ಬಾಟಲಿಗೆ ತುಂಬಿ ಮಾರಿದರೆ ಅವನ ಮನೆಯೂ ಕಾಯಿದೆಯ ಒಳಗೆ ಬಂತು.

ಹಿನ್ನೆಲೆ

ಬೇಸಿಗೆ ಬಂತೆಂದರೆ ಹಪ್ಪಳ ಒತ್ತಿಕೊಡುವವರು, ಶ್ಯಾವಿಗೆ ಹೊಸೆಯುವವರು, ಮದುವೆಮನೆಗೆ ಲಾಡು, ಚಕ್ಕುಲಿ ಮಾಡಿಕೊಡುವವರು ಹಳೆ ಮೈಸೂರಿನ ಬೀದಿಗಳಲ್ಲೂ ಧಾರವಾಡದ ಓಣಿಗಳಲ್ಲೂ ಬಹಳ ಹಿಂದಿನಿಂದ ಇದ್ದವರೇ. ಅವರಲ್ಲಿ ಗಂಡನನ್ನು ಕಳೆದುಕೊಂಡು ಬೇರೆ ವರಮಾನವಿಲ್ಲದ ಹೆಂಗಸರು ಬಹಳ. ಸಾಮಾನು ಮಾಡಿಸುವವರದು, ಕೈ ಮಾಡುವವರದು. ಕೂಲಿ ಕಾಸಿನಲ್ಲೋ ಅಕ್ಕಿಯಲ್ಲೋ ಸಂದಾಯವಾಗುತ್ತಿತ್ತು. ಸರ್ಕಾರದ ಯಾವ ದಫ್ತರದಲ್ಲೂ ಈ ಕೆಲಸದ ಲೆಕ್ಕವಿರಲಿಲ್ಲ. ಕೊಳ್ಳುವವರ ನಂಬಿಕೆ ನಿಂತಿದ್ದು ಪರಿಚಯದ ಮೇಲೆ, ಇನ್ನೂ ಬಿಚ್ಚಿ ಹೇಳಬೇಕೆಂದರೆ ಬಹಳ ಕಡೆ ಜಾತಿಯ ಮೇಲೆ. ಮಡಿಯಲ್ಲಿ ಮಾಡಿದ್ದು ಎಂಬ ಮಾತೇ ಗುಣಮಟ್ಟದ ಮುದ್ರೆಯಾಗಿತ್ತು. ಇಂದಿಗೂ ಜಾಹೀರಾತುಗಳಲ್ಲಿ ಆ ಧ್ವನಿ ಕೇಳುತ್ತದೆ. ಮಡಿಗೂ ಸೂಕ್ಷ್ಮಾಣುಗಳಿಗೂ ಸಂಬಂಧವಿಲ್ಲ ಎಂಬುದು ಬೇರೆ ಮಾತು.

ಸ್ವಾತಂತ್ರ್ಯಾನಂತರ ಬಂದ 1954ರ ಆಹಾರ ಕಲಬೆರಕೆ ತಡೆ ಕಾಯಿದೆ ಹೆಸರೇ ಹೇಳುವಂತೆ ಕಲಬೆರಕೆಯ ಬೆನ್ನು ಹತ್ತಿತ್ತು. ಅಂಗಡಿಯಿಂದ ಮಾದರಿ ತೆಗೆಯುವುದು, ಪ್ರಯೋಗಾಲಯಕ್ಕೆ ಕಳಿಸುವುದು, ಮೊಕದ್ದಮೆ ಹೂಡುವುದು ಅದರ ಕ್ರಮ. ಅದರ ಮಗ್ಗುಲಲ್ಲೇ 1955ರ ಹಣ್ಣು ಉತ್ಪನ್ನಗಳ ಆದೇಶ ಬಂತು. ಜಾಮ್, ಶರಬತ್ತು, ಉಪ್ಪಿನಕಾಯಿ ಮಾಡಿ ಮಾರುವವರು ಅದರಡಿ ಪರವಾನಗಿ ಪಡೆಯಬೇಕಿತ್ತು. ಹೀಗಾಗಿ ಚಕ್ಕುಲಿ ಮಾಡುವವಳಿಗೆ ಒಂದು ಕಾನೂನು, ಉಪ್ಪಿನಕಾಯಿ ಮಾಡುವವಳಿಗೆ ಇನ್ನೊಂದು ಎಂಬಂತಾಗಿತ್ತು. 2006ರ ಕಾಯಿದೆ ಇವೆಲ್ಲವನ್ನೂ ಒಂದೇ ಸೂರಿನಡಿ ತಂದು, ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರಕ್ಕೆ (ಎಫ್‌ಎಸ್‌ಎಸ್‌ಎಐ) ಒಪ್ಪಿಸಿತು. ಪರವಾನಗಿ ಮತ್ತು ನೋಂದಣಿಯ ನಿಯಮಾವಳಿ ಜಾರಿಗೆ ಬಂದದ್ದು 2011ರ ಆಗಸ್ಟ್ 5ರಂದು. ಇದ್ದ ವ್ಯಾಪಾರಗಳೆಲ್ಲ ಹೊಸ ವ್ಯವಸ್ಥೆಗೆ ಬರಲು ಒಂದು ವರ್ಷದ ಗಡುವು ಕೊಟ್ಟರು. ಅದನ್ನು ಮತ್ತೆ ಮತ್ತೆ ಮುಂದೂಡಿ 2016ರವರೆಗೂ ಎಳೆದರು. ಅಷ್ಟು ವರ್ಷ ಎಳೆದದ್ದರಿಂದ, ನೋಂದಣಿ ಎಂಬುದು ಯಾವತ್ತಾದರೂ ಮಾಡಿಸಿದರಾಯಿತು ಎನ್ನುವ ಮನೋಭಾವ ಸಣ್ಣ ವ್ಯಾಪಾರಿಗಳಲ್ಲಿ ಬೇರೂರಿತು.

2020ರ ಲಾಕ್‌ಡೌನ್ ಈ ಕ್ಷೇತ್ರದ ಮುಖವನ್ನೇ ಬದಲಿಸಿತು. ಹೋಟೆಲು, ಬೇಕರಿಗಳು ಮುಚ್ಚಿದ್ದವು, ಕೆಲಸ ಹೋದವರು ಮನೆಯಲ್ಲಿದ್ದರು, ಎಲ್ಲರ ಕೈಯಲ್ಲೂ ವಾಟ್ಸ್ಆ್ಯಪ್ ಇತ್ತು. ಅಪಾರ್ಟ್‌ಮೆಂಟಿನ ಗುಂಪಿನಲ್ಲಿ ನಾಳೆ ಕಾಯಿಹೋಳಿಗೆ, ಇಂದು ಸಂಜೆಯೊಳಗೆ ಹೇಳಿ ಎಂಬ ಒಂದು ಸಾಲೇ ಅಂಗಡಿಯ ಬೋರ್ಡಾಯಿತು.

ನೋಂದಣಿ

2011ರ ನಿಯಮಾವಳಿ ಆಹಾರ ವ್ಯಾಪಾರವನ್ನು ಮೂರು ಮೆಟ್ಟಿಲಾಗಿ ವಿಂಗಡಿಸಿತು. ವರ್ಷದ ವಹಿವಾಟು 12 ಲಕ್ಷ ರೂಪಾಯಿ ಮೀರದವರಿಗೆ ನೋಂದಣಿ, ಅದರ ಮೇಲೆ 20 ಕೋಟಿಯವರೆಗೆ ರಾಜ್ಯದ ಪರವಾನಗಿ, ಅದಕ್ಕೂ ಮೇಲೆ ಕೇಂದ್ರದ ಪರವಾನಗಿ. ಹಾಲು ಮತ್ತು ಮಾಂಸದ ಪದಾರ್ಥಗಳನ್ನು ಬಿಟ್ಟು ಉಳಿದವುಗಳಲ್ಲಿ ದಿನಕ್ಕೆ 100 ಕಿಲೋ ಅಥವಾ 100 ಲೀಟರ್‌ವರೆಗಿನ ತಯಾರಿಕೆಯೂ ಸಣ್ಣ ವ್ಯಾಪಾರವೇ. ಮನೆಯ ಅಡುಗೆಗಾರರಲ್ಲಿ ಹೆಚ್ಚಿನವರು ಈ ಮೊದಲ ಮೆಟ್ಟಿಲಲ್ಲೇ ನಿಲ್ಲುತ್ತಾರೆ. ನೋಂದಣಿ ಶುಲ್ಕ ವರ್ಷಕ್ಕೆ 100 ರೂಪಾಯಿ. ಒಂದರಿಂದ ಐದು ವರ್ಷದ ಅವಧಿಗೆ ಒಟ್ಟಿಗೆ ಕಟ್ಟಬಹುದು ಎಂದು ಆ ನಿಯಮಾವಳಿ ಹೇಳಿತು. ಗಡಿ, ಶುಲ್ಕ, ಅವಧಿ ಮೂರೂ ತಿದ್ದುಪಡಿಯಿಂದ ಬದಲಾಗುವಂಥವು. ಅರ್ಜಿ ಹಾಕುವ ದಿನ ಚಾಲ್ತಿಯಲ್ಲಿರುವುದನ್ನು ಪ್ರಾಧಿಕಾರದ ಜಾಲತಾಣದಲ್ಲಿ ನೋಡಿಕೊಳ್ಳಬೇಕು.

ಅರ್ಜಿ ಹಾಕುವುದು ಫೋಸ್ಕೋಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ. 2020ರ ನವೆಂಬರ್‌ನಿಂದ ದೇಶವಿಡೀ ಇದೇ ಇದೆ. ಗುರುತಿನ ಚೀಟಿ, ಭಾವಚಿತ್ರ, ವಿಳಾಸದ ದಾಖಲೆ, ಸ್ವಚ್ಛತೆಯ ಕಟ್ಟಳೆ ಪಾಲಿಸುತ್ತೇನೆ ಎಂಬ ಸ್ವಯಂ ಘೋಷಣೆ ಇವಿಷ್ಟು ಬೇಕು. ಅಧಿಕಾರಿ ಏಳು ದಿನಗಳೊಳಗೆ ನೋಂದಣಿ ಕೊಡಬೇಕು, ಇಲ್ಲವೇ ಕಾರಣ ಬರೆದು ತಿರಸ್ಕರಿಸಬೇಕು, ಇಲ್ಲವೇ ತಪಾಸಣೆಗೆ ನೋಟಿಸು ಕೊಡಬೇಕು. ತಪಾಸಣೆ ಎಂದಾದರೆ 30 ದಿನಗಳೊಳಗೆ ತೀರ್ಮಾನ ತಿಳಿಸಬೇಕು. ಯಾವುದೂ ಆಗದಿದ್ದರೆ ಅರ್ಜಿದಾರರು ವ್ಯಾಪಾರ ಶುರುಮಾಡಬಹುದು ಎಂದು ನಿಯಮದಲ್ಲೇ ಇದೆ. ಸರ್ಕಾರಿ ನಿಯಮಗಳಲ್ಲಿ ಅರ್ಜಿದಾರರ ಪರವಾಗಿ ಇಷ್ಟು ಸ್ಪಷ್ಟವಾಗಿ ಬರೆದದ್ದು ಅಪರೂಪ. ಆದರೂ ಈ ಸಾಲು ತಿಳಿಯದೆ ದಲ್ಲಾಳಿಗೆ ಸಾವಿರಗಟ್ಟಲೆ ಕೊಡುವವರಿದ್ದಾರೆ.

ಕೈಗೆ ಬರುವುದು 14 ಅಂಕಿಗಳ ಒಂದು ಸಂಖ್ಯೆ. ನೋಂದಣಿಯಾದರೆ ಅದು 2ರಿಂದ, ಪರವಾನಗಿಯಾದರೆ 1ರಿಂದ ಶುರುವಾಗುತ್ತದೆ. ಪೊಟ್ಟಣದ ಮೇಲಿನ ಮೊದಲ ಅಂಕಿ ನೋಡಿಯೇ ತಯಾರಕರು ಸಣ್ಣವರೋ ದೊಡ್ಡವರೋ ಹೇಳಬಹುದು. ಅದರ ಅರ್ಥ ಪದಾರ್ಥವನ್ನು ಯಾರೋ ಪರೀಕ್ಷೆ ಮಾಡಿ ಒಪ್ಪಿದ್ದಾರೆ ಎಂದಲ್ಲ. ವಿಳಾಸ ಗೊತ್ತಿದೆ, ತೊಂದರೆಯಾದರೆ ಯಾರ ಬಾಗಿಲು ತಟ್ಟಬೇಕೆಂದು ಗೊತ್ತಿದೆ, ಇಷ್ಟೇ. ಕೊಳ್ಳುವವರು ಇದನ್ನು ಗುಣಮಟ್ಟದ ಪ್ರಮಾಣಪತ್ರವೆಂದು ತಿಳಿಯುವುದೂ, ಮಾರುವವರು ಹಾಗೆಂದೇ ತೋರಿಸಿಕೊಳ್ಳುವುದೂ ಈ ವ್ಯವಸ್ಥೆಯ ದೊಡ್ಡ ಗೊಂದಲ. ನೋಂದಾಯಿತ ಜಾಗವನ್ನು ವರ್ಷಕ್ಕೊಮ್ಮೆಯಾದರೂ ತಪಾಸಣೆ ಮಾಡಬೇಕೆಂದು ನಿಯಮ ಹೇಳುತ್ತದೆ. ತಾಲ್ಲೂಕುಗಳ ಉಸ್ತುವಾರಿ ಹೊತ್ತ ಆಹಾರ ಸುರಕ್ಷತಾಧಿಕಾರಿ ಹೋಟೆಲು, ಬೇಕರಿ, ಹಾಲಿನ ಡೇರಿಗಳನ್ನು ಬಿಟ್ಟು ಮೂರನೆಯ ಮಹಡಿಯ ಅಡುಗೆಮನೆಗೆ ಬರುವುದನ್ನು ನಿರೀಕ್ಷಿಸುವುದು ಕಷ್ಟ.

ದಂಡದಲ್ಲೂ ಸಣ್ಣವರಿಗೆ ಸ್ವಲ್ಪ ರಿಯಾಯಿತಿಯಿದೆ. ಕೇಳಿದ ಗುಣಮಟ್ಟದ ಪದಾರ್ಥ ಕೊಡದಿದ್ದರೆ 50ನೆಯ ಸೆಕ್ಷನ್ ಪ್ರಕಾರ ದೊಡ್ಡವರಿಗೆ 5 ಲಕ್ಷದವರೆಗೆ ದಂಡ, ನೋಂದಣಿಯ ವರ್ಗದವರಿಗೆ 25,000 ಮೀರುವಂತಿಲ್ಲ. ಈ ಕರುಣೆ ಎಲ್ಲ ಕಡೆ ಇಲ್ಲ. ಅಸುರಕ್ಷಿತ ಆಹಾರದಿಂದ ಸಾವು ಸಂಭವಿಸಿದರೆ 59ನೆಯ ಸೆಕ್ಷನ್ನಿನಡಿ ಏಳು ವರ್ಷಕ್ಕೆ ಕಡಿಮೆಯಿಲ್ಲದ, ಜೀವಾವಧಿಯವರೆಗೂ ಹೋಗಬಹುದಾದ ಸೆರೆ. ಅಲ್ಲಿ ವಹಿವಾಟಿನ ಗಾತ್ರ ಯಾರೂ ಕೇಳುವುದಿಲ್ಲ.

ಅಡುಗೆಮನೆಯ ಸ್ವಚ್ಛತೆ

ನಿಯಮಾವಳಿಯ 4ನೆಯ ಅನುಸೂಚಿಯ ಮೊದಲ ಭಾಗ ನೋಂದಣಿ ಪಡೆದವರಿಗೆ. ಕುಡಿಯಲು ಯೋಗ್ಯವಾದ ನೀರು, ಗಾಳಿ ಬೆಳಕು, ಶುಚಿಯಾದ ಪಾತ್ರೆ, ಮುಚ್ಚಳವಿರುವ ಕಸದ ಬುಟ್ಟಿ, ಕ್ರಿಮಿಕೀಟಗಳ ನಿಯಂತ್ರಣ, ಕೈ ತೊಳೆಯುವುದು, ಉಗುರು ಕತ್ತರಿಸುವುದು, ಸಾಂಕ್ರಾಮಿಕ ರೋಗವಿರುವವರನ್ನು ಕೆಲಸದಿಂದ ದೂರವಿಡುವುದು ಮುಂತಾದ ಮಾತುಗಳು ಅದರಲ್ಲಿವೆ. ಬೇರೆಯದೇ ಅಡುಗೆಮನೆ ಬೇಕೆಂದು ಈ ಹಂತದಲ್ಲಿ ಕೇಳುವುದಿಲ್ಲ.

ಓದುತ್ತಾ ಹೋದರೆ ಇದನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ತಳ್ಳುಗಾಡಿ ಮತ್ತು ಸಣ್ಣ ಹೋಟೆಲು ಎಂದು ಅನ್ನಿಸದಿರದು. ಹೋಟೆಲಿನಲ್ಲಿ ಜ್ವರ ಬಂದ ಕೆಲಸಗಾರನನ್ನು ಮನೆಗೆ ಕಳಿಸಬಹುದು. ಮನೆಯಲ್ಲಿ ವಾಂತಿಭೇದಿಯಾದ ಮಗುವನ್ನು ತೊಳೆಯುವ ಕೈಯೂ, ಮುಂದಿನ ಗಂಟೆಯಲ್ಲಿ ಹೋಳಿಗೆ ತಟ್ಟಬೇಕಾದ ಕೈಯೂ ಒಂದೇ. ಮನೆಯ ಒಂದೇ ಫ್ರಿಜ್ಜಿನಲ್ಲಿ ಮಾರಾಟದ ಕೇಕಿನ ಕ್ರೀಮೂ ಮನೆಯವರ ಹಸಿ ಮೀನೂ ಇರುತ್ತವೆ. ಮನೆಯಿಂದ ಮಾರುವವರಿಗೆ ನಿಜಕ್ಕೂ ಬೇಕಾದ ಕಟ್ಟಳೆ ಇಂಥವು: ಮಾರಾಟದ ಅಡುಗೆಗೆ ಬೇರೆ ಹೊತ್ತು, ಫ್ರಿಜ್ಜಿನಲ್ಲಿ ಬೇರೆ ಖಾನೆ, ಮನೆಯಲ್ಲಿ ಯಾರಿಗಾದರೂ ಹೊಟ್ಟೆ ಕೆಟ್ಟಿದ್ದರೆ ಆ ವಾರದ ಆರ್ಡರ್ ರದ್ದು. ಪ್ರಾಧಿಕಾರ 2017ರಲ್ಲಿ ಆರಂಭಿಸಿದ ಫೋಸ್ಟ್ಯಾಕ್ ತರಬೇತಿಯಲ್ಲಿ ಸ್ವಚ್ಛತೆಯ ಮೂಲಪಾಠಗಳು ಸಿಗುತ್ತವೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ನಡೆಸುವ ಅಲ್ಪಾವಧಿ ತರಬೇತಿಗಳು ತಿನಿಸುಗಳನ್ನು ಕೆಡದಂತೆ ಇಡುವ ಶಾಸ್ತ್ರವನ್ನು ಕಲಿಸುತ್ತವೆ.

ಯಾವುದು ಕೆಡುತ್ತದೆ, ಯಾವುದು ಕೆಡುವುದಿಲ್ಲ

ತಿನಿಸಿನ ಅಪಾಯ ಅಳೆಯಲು ಆಹಾರ ವಿಜ್ಞಾನ ನೋಡುವುದು ಮುಖ್ಯವಾಗಿ ಎರಡು ಸಂಗತಿಗಳನ್ನು. ಒಂದು ಹುಳಿ, ಅಂದರೆ ಆಮ್ಲೀಯತೆ. ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಬೊಟುಲಿಸಂ ಎಂಬ ಮಾರಕ ಕಾಯಿಲೆ ಉಂಟುಮಾಡುವ ಸೂಕ್ಷ್ಮಾಣು ಬೆಳೆಯದು. ಇನ್ನೊಂದು ಸೂಕ್ಷ್ಮಾಣುಗಳಿಗೆ ದಕ್ಕುವ ತೇವ. ಶುದ್ಧ ನೀರನ್ನು 1 ಎಂದಿಟ್ಟರೆ ತಿನಿಸಿನ ಜಲಚಟುವಟಿಕೆ 0.85 ಅಥವಾ ಅದಕ್ಕೂ ಕೆಳಗಿದ್ದಾಗ ರೋಗಕಾರಕ ಬ್ಯಾಕ್ಟೀರಿಯಾಗಳು ತಲೆಯೆತ್ತುವುದಿಲ್ಲ. ಉಪ್ಪು, ಸಕ್ಕರೆ, ಬಿಸಿಲು, ಎಣ್ಣೆಯಲ್ಲಿ ಕರಿಯುವುದು ಎಲ್ಲವೂ ಈ ತೇವವನ್ನು ಕಟ್ಟಿಹಾಕುವ ಅಥವಾ ಓಡಿಸುವ ಉಪಾಯಗಳು. ಕನ್ನಡನಾಡಿನ ಅಜ್ಜಿಯರು ಮಾರಾಟಕ್ಕೆ ಆರಿಸಿಕೊಂಡ ತಿನಿಸುಗಳನ್ನು ನೋಡಿ: ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಹುರಿದು ಕುಟ್ಟಿದ ಪುಡಿ, ಕರಿದ ಚಕ್ಕುಲಿ. ಒಂದೊಂದೂ ಈ ಅಳತೆಯಲ್ಲಿ ಪಾಸಾಗುವಂಥದ್ದು.

ಮಲೆನಾಡಿನ ಅಪ್ಪೆಮಿಡಿಯ ಉಪ್ಪಿನಕಾಯಿ ಇದಕ್ಕೆ ಒಳ್ಳೆಯ ನಿದರ್ಶನ. ಮಿಡಿಯನ್ನು ನೆಲಕ್ಕೆ ಬೀಳದಂತೆ ಕೊಯ್ಯುತ್ತಾರೆ; ಪೆಟ್ಟಾದ ಮಿಡಿ ಭರಣಿಯಲ್ಲಿ ಮೆತ್ತಗಾಗಿ ಉಳಿದವನ್ನೂ ಕೆಡಿಸುತ್ತದೆ. ತೊಟ್ಟನ್ನು ಚೂರು ಉಳಿಸುತ್ತಾರೆ, ಸೊನೆ ಹೊರಗೆ ಹೋಗಬಾರದು. ಕಲ್ಲುಪ್ಪಿನ ಜೊತೆ ಭರಣಿಗೆ ತುಂಬಿ ದಿನಾ ಕುಲುಕುತ್ತಾ ಬಂದರೆ ಮಿಡಿ ತನ್ನ ನೀರು ಬಿಟ್ಟು ಚಿರುಟುತ್ತದೆ. ಆ ಉಪ್ಪುನೀರನ್ನು ಕುದಿಸಿ, ಪೂರ್ತಿ ಆರಿಸಿ, ಸಾಸಿವೆ ಮತ್ತು ಒಣಮೆಣಸಿನಕಾಯಿಯನ್ನು ಅದರಲ್ಲೇ ಅರೆಯುತ್ತಾರೆ. ಹಸಿನೀರು ಒಂದು ಹನಿಯೂ ಸೋಕಬಾರದು. ಉಪ್ಪುನೀರಿನಲ್ಲಿಟ್ಟ ಉಪ್ಪಿನಕಾಯಿಯಲ್ಲಿ ಉಪ್ಪು ಶೇ 12ಕ್ಕಿಂತ ಕಡಿಮೆ ಇರಬಾರದೆಂದು ಪ್ರಾಧಿಕಾರದ ಮಾನದಂಡ ಹೇಳುತ್ತದೆ. ಕೈಯಳತೆಯಲ್ಲಿ ಉಪ್ಪು ಹಾಕುವವರು ಈ ಗೆರೆಯ ಮೇಲೆಯೇ ಇರುತ್ತಾರೆ. ಗೆರೆ ಕೆಳಗಿಳಿಯುವುದು ರಕ್ತದೊತ್ತಡದ ಗಿರಾಕಿಗಳಿಗಾಗಿ ಕಡಿಮೆ ಉಪ್ಪಿನದು ಮಾಡಿಕೊಡಲು ಹೊರಟಾಗ. ಉಪ್ಪು ರುಚಿಗೆ ಹಾಕಿದ್ದೆಂದು ತಿಳಿದು ತಗ್ಗಿಸಿದರೆ ಕೆಡದಂತೆ ಕಾಯುವ ಕಾವಲನ್ನೇ ತೆಗೆದಂತಾಗುತ್ತದೆ. ಅಂಥ ಉಪ್ಪಿನಕಾಯಿ ಫ್ರಿಜ್ಜಿನಲ್ಲಿ ಇರಬೇಕಾದ ಪದಾರ್ಥ.

ಬೆಳ್ಳುಳ್ಳಿಯ ಕಥೆ ಇನ್ನೂ ಗಂಭೀರ. ಹಸಿ ಬೆಳ್ಳುಳ್ಳಿಯಲ್ಲಿ ಹುಳಿಯಿಲ್ಲ, ಮಣ್ಣಿನಿಂದ ಬಂದ ಬೊಟುಲಿಸಂ ಬೀಜಾಣು ಅದರಲ್ಲಿ ಇರಬಹುದು, ಎಣ್ಣೆಯಲ್ಲಿ ಮುಳುಗಿಸಿದರೆ ಗಾಳಿ ತಾಕುವುದಿಲ್ಲ. ಆ ಬೀಜಾಣುವಿಗೆ ಬೇಕಾದ್ದು ಇದೇ. 1985ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಎಣ್ಣೆಯಲ್ಲಿಟ್ಟ ಬೆಳ್ಳುಳ್ಳಿ ತಿಂದು 36 ಮಂದಿ ಬೊಟುಲಿಸಂಗೆ ಒಳಗಾದರು. ನಮ್ಮ ಬೆಳ್ಳುಳ್ಳಿ ಉಪ್ಪಿನಕಾಯಿಗೆ ನಿಂಬೆರಸವನ್ನೋ ಹುಣಸೆಯನ್ನೋ ಧಾರಾಳವಾಗಿ ಸುರಿಯುವ ವಾಡಿಕೆ ಇಲ್ಲಿ ಜೀವ ಉಳಿಸುತ್ತದೆ. ಪಾಶ್ಚಾತ್ಯ ಅಡುಗೆಯ ವಿಡಿಯೊ ನೋಡಿ ಬರಿಯ ಎಣ್ಣೆಯಲ್ಲಿ ಬೆಳ್ಳುಳ್ಳಿ ಹಾಕಿಟ್ಟು ಬಾಟಲಿಯಲ್ಲಿ ಮಾರುವುದು ಬೇಡವೇ ಬೇಡ.

ಹೋಳಿಗೆಯಲ್ಲಂತೂ ಒಂದೇ ಹೆಸರಿನಡಿ ಎರಡು ಬಗೆಯ ಪದಾರ್ಥಗಳಿವೆ. ಕಡಲೆಬೇಳೆ ಬೇಯಿಸಿ, ಬೆಲ್ಲ ಹಾಕಿ ಅರೆದ ಹೂರಣದಲ್ಲಿ ನೀರು ಹೆಚ್ಚು, ಹುಳಿ ಇಲ್ಲ. ಬೇಸಿಗೆಯಲ್ಲಿ ಮರುದಿನವೇ ಹಳಸಲು ಶುರು. ಉತ್ತರ ಕರ್ನಾಟಕದ ಶೇಂಗಾ ಹೋಳಿಗೆಯ ಹೂರಣಕ್ಕೆ ಹುರಿದ ಶೇಂಗಾ ಪುಡಿ ಮತ್ತು ಬೆಲ್ಲ ಸಾಕು, ಬೇಯಿಸುವ ಮಾತೇ ಇಲ್ಲ. ಅದು ವಾರಗಟ್ಟಲೆ ನಿಲ್ಲುತ್ತದೆ, ಕೊರಿಯರ್‌ನಲ್ಲಿ ಊರೂರಿಗೆ ಹೋಗುತ್ತದೆ. ಕಾನೂನಿನ ಬಾಗಿಲಲ್ಲಿ ಈ ಎರಡಕ್ಕೂ ಒಂದೇ ಅರ್ಜಿ, ಒಂದೇ ಶುಲ್ಕ. ತಿಂಗಳಿಗೆ ಲಕ್ಷ ರೂಪಾಯಿಯ ಒಳಗೆ ಕ್ರೀಮ್ ಕೇಕು ಮಾರುವವರೂ, ಅಷ್ಟೇ ಮೊತ್ತದ ಹಪ್ಪಳ ಮಾರುವವರೂ ನೋಂದಣಿಯ ಮಟ್ಟಿಗೆ ಸರಿಸಮ. ತಪಾಸಣೆಯ ಆದ್ಯತೆ ಗೊತ್ತುಮಾಡುವಾಗ ಹಾಲು, ಮಾಂಸ, ಮೀನು, ಮೊಟ್ಟೆ, ಸಿದ್ಧ ಅಡುಗೆಗಳನ್ನು ಹೆಚ್ಚು ಅಪಾಯದ ಪಟ್ಟಿಯಲ್ಲಿ ಇಡುತ್ತಾರೆ ನಿಜ. ಆದರೆ ಹೊಸದಾಗಿ ಶುರುಮಾಡುವವರಿಗೆ ಆ ಪಟ್ಟಿಯ ಅರಿವು ಮೂಡಿಸುವ ಹಂತ ಎಲ್ಲೂ ಇಲ್ಲ. ಸುಲಭವಾಗಿ ಒಳಗೆ ಕರೆದುಕೊಳ್ಳುವ, ಕರೆದ ಮೇಲೆ ತಾನಾಗಿ ಏನನ್ನೂ ಕಲಿಸದ ವ್ಯವಸ್ಥೆ ಇದು.

ಅಮೆರಿಕ ಮತ್ತು ಬ್ರಿಟನ್

ಅಮೆರಿಕದಲ್ಲಿ ಮನೆ ತಿನಿಸಿನ ಕಾನೂನು ಆಯಾ ರಾಜ್ಯಗಳದು. ಸಾಮಾನ್ಯ ಸೂತ್ರ ಇದು: ತಂಪಿನಲ್ಲಿಡದೆ ಕೆಡದ ತಿನಿಸಾದರೆ ಮನೆಯಿಂದ ಮಾರಬಹುದು. ಬ್ರೆಡ್ಡು, ಬಿಸ್ಕತ್ತು, ಜಾಮು, ಒಣ ಮಸಾಲೆ, ಹುರಿದ ಬೀಜಗಳು ಪಟ್ಟಿಯಲ್ಲಿವೆ. ಮಾಂಸ, ಹಾಲಿನ ಸಿಹಿ, ಬೇಯಿಸಿದ ಅನ್ನ ಇಲ್ಲ. ಕ್ಯಾಲಿಫೋರ್ನಿಯದ ಕಾನೂನು 2013ರ ಜನವರಿಯಲ್ಲಿ ಜಾರಿಗೆ ಬಂತು. ನ್ಯೂಜೆರ್ಸಿ ಎಲ್ಲರಿಗಿಂತ ಕೊನೆಗೆ, 2021ರಲ್ಲಿ ಬಾಗಿಲು ತೆರೆಯಿತು. ವಯೋಮಿಂಗ್ 2015ರಲ್ಲಿ ಇನ್ನೂ ಮುಂದೆ ಹೋಗಿ, ಮಾರುವವರು ನೇರವಾಗಿ ತಿನ್ನುವವರಿಗೇ ಕೊಡುವುದಾದರೆ ಹೆಚ್ಚಿನ ತಿನಿಸುಗಳಿಗೆ ಪರವಾನಗಿಯನ್ನೇ ತೆಗೆದುಹಾಕಿತು.

ಬಿಸಿ ಊಟದ ವಿಷಯದಲ್ಲಿ ಕ್ಯಾಲಿಫೋರ್ನಿಯ 2018ರಲ್ಲಿ ಮತ್ತೊಂದು ಕಾನೂನು ಮಾಡಿತು. ಅದರಂತೆ ಮನೆಯ ಅಡುಗೆಮನೆಯೇ ಪುಟ್ಟ ಉಪಾಹಾರಗೃಹವಾಗಬಹುದು. ಆರಂಭದಲ್ಲಿ ದಿನಕ್ಕೆ 30 ಊಟ, ವಾರಕ್ಕೆ 60, ವರ್ಷಕ್ಕೆ 50,000 ಡಾಲರ್ ಎಂಬ ಮಿತಿಯಿತ್ತು. ಮುಂದೆ ಮಿತಿ ಸಡಿಲಿಸಿದರು. ಒಂದು ತೊಡಕು: ಆಯಾ ಕೌಂಟಿ ಒಪ್ಪಿದರೆ ಮಾತ್ರ ಇದು ನಡೆಯುತ್ತದೆ. ಸಿಲಿಕಾನ್ ಕಣಿವೆಯ ಕನ್ನಡದ ಮನೆಗಳಿಗೆ ಬಿಸಿಬೇಳೆಬಾತಿನ ಡಬ್ಬಿ ಕಳಿಸಬೇಕೆನ್ನುವವರು ಮೊದಲು ತಮ್ಮ ಕೌಂಟಿಯ ನಿಲುವನ್ನು ನೋಡಬೇಕಾಗುತ್ತದೆ. ಊರಿನಿಂದ ಅಮ್ಮ ತನ್ನ ಕೈಯಾರೆ ಮಾಡಿ ಮಗಳಿಗೆ ಅಂಚೆಯಲ್ಲಿ ಕಳಿಸುವ ಚಟ್ನಿಪುಡಿ ಅಮೆರಿಕದ ಆಹಾರ ಇಲಾಖೆಗೆ ಕೊಡಬೇಕಾದ ಮುನ್ಸೂಚನೆಯಿಂದ ವಿನಾಯಿತಿ ಪಡೆದಿದೆ. ಅದನ್ನೇ ಅಲ್ಲಿನ ಅಂಗಡಿಗೆ ಮಾರಲು ಕಳಿಸಿದರೆ ವಿನಾಯಿತಿ ಇಲ್ಲ.

ಬ್ರಿಟನ್ನಿನ ದಾರಿ ಭಾರತದ್ದಕ್ಕೆ ಹತ್ತಿರ. ವ್ಯಾಪಾರ ಶುರುಮಾಡುವ 28 ದಿನ ಮುಂಚೆ ಸ್ಥಳೀಯ ಕೌನ್ಸಿಲ್‌ನಲ್ಲಿ ನೋಂದಾಯಿಸಬೇಕು, ಶುಲ್ಕವಿಲ್ಲ. ಆಮೇಲೆ ಅಧಿಕಾರಿ ಬಂದು ಅಡುಗೆಮನೆ ನೋಡಿ 0ಯಿಂದ 5ರವರೆಗೆ ಅಂಕ ಕೊಡುತ್ತಾರೆ, ಅದನ್ನು ಯಾರು ಬೇಕಾದರೂ ನೋಡಬಹುದು.

ಪೊಟ್ಟಣದ ಮೇಲಿನ ಬರಹ

ಬಿಸಿಯಾಗಿ ಡಬ್ಬಿಗೆ ಹಾಕಿಕೊಡುವ ಊಟಕ್ಕೂ, ಮುಂಚೆಯೇ ಕಟ್ಟಿಟ್ಟ ಪೊಟ್ಟಣಕ್ಕೂ ಕಟ್ಟಳೆ ಬೇರೆ. ಪೊಟ್ಟಣ ಎಂದಾದೊಡನೆ 2020ರ ಲೇಬಲ್ ನಿಯಮಾವಳಿಯೂ 2011ರ ಕಾನೂನು ಮಾಪನಶಾಸ್ತ್ರದ ಪೊಟ್ಟಣ ನಿಯಮಗಳೂ ಜೊತೆಗೂಡುತ್ತವೆ. ತಿನಿಸಿನ ಹೆಸರು, ತೂಕದ ಇಳಿಕೆಯ ಕ್ರಮದಲ್ಲಿ ಸಾಮಗ್ರಿಗಳು, ನಿವ್ವಳ ತೂಕ, ತಯಾರಿಸಿದ ದಿನ, ಬಳಕೆಯ ಕೊನೆಯ ದಿನ, ಬ್ಯಾಚ್, ಮಾಡಿದವರ ಪೂರ್ತಿ ವಿಳಾಸ, ನೋಂದಣಿ ಸಂಖ್ಯೆ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ದೂರಿಗೆ ಸಂಪರ್ಕ, ಸಸ್ಯಾಹಾರವಾದರೆ ಹಸಿರು ಚೌಕದೊಳಗೆ ಹಸಿರು ಚುಕ್ಕಿ, ಮಾಂಸಾಹಾರವಾದರೆ ಕಂದು ತ್ರಿಕೋನ ಕಾಣಬೇಕು.

ಮನೆಯವರು ಹೆಚ್ಚಾಗಿ ಎಡವುವುದು ಎರಡು ಕಡೆ. ಶೇಂಗಾ, ಗೋಧಿ, ಹಾಲು, ಸೋಯಾ ಇವುಗಳ ಅಲರ್ಜಿ ಎಚ್ಚರಿಕೆ ಬರೆಯುವುದಿಲ್ಲ. ಸಾರಿನಪುಡಿಗೆ ಹಾಕುವ ಇಂಗಿನಲ್ಲಿ ಗೋಧಿ ಅಥವಾ ಮೈದಾ ಬೆರೆತಿರುತ್ತದೆ ಎಂಬುದನ್ನು ಬಲ್ಲವರು ಕಡಿಮೆ. ಬಳಕೆಯ ಕೊನೆಯ ದಿನವನ್ನು ಬೇರೆ ಕಂಪನಿಯ ಪೊಟ್ಟಣ ನೋಡಿ ನಕಲು ಮಾಡುತ್ತಾರೆ. ಕಂಪನಿ ಸಾರಜನಕ ತುಂಬಿದ ಬಹುಪದರದ ಚೀಲದಲ್ಲಿ ಕಟ್ಟಿದ ಚಕ್ಕುಲಿಯ ಅವಧಿ, ಮೇಣದಬತ್ತಿಯಲ್ಲಿ ಅಂಟಿಸಿದ ತೆಳು ಪ್ಲಾಸ್ಟಿಕ್ ಚೀಲಕ್ಕೆ ಹೊಂದುವುದಿಲ್ಲ. ಎಣ್ಣೆ ಕಮಟಾಗುವುದು ಬಹಳ ಬೇಗ.

ಬೇರೆ ಕಾಯಿದೆಗಳ ಗೆರೆ

ಮನೆಯಲ್ಲಿ ಮಾಡಿದ್ದು ಎಂಬ ಮಾತು ಉಳಿದ ಕಾಯಿದೆಗಳನ್ನು ಸುಮ್ಮನಾಗಿಸುವುದಿಲ್ಲ. ಕೊಡಗಿಗೆ ಹೋದವರು ಹೋಮ್ ಮೇಡ್ ವೈನ್ ಎಂಬ ಬೋರ್ಡುಗಳನ್ನು ನೋಡಿಯೇ ಇರುತ್ತಾರೆ. ಹಣ್ಣಿನ ರಸ ಹುದುಗಿ ಮದ್ಯಸಾರ ಬಂದ ಮೇಲೆ ಅದರ ಮಾರಾಟ 1965ರ ಕರ್ನಾಟಕ ಅಬಕಾರಿ ಕಾಯಿದೆಯ ವಿಷಯ. ಆಹಾರ ನೋಂದಣಿ ಅದಕ್ಕೆ ರಕ್ಷಣೆ ಕೊಡುವುದಿಲ್ಲ.

ಮಗುವಿನ ರಾಗಿ ಸರಿಯ ಹಿಟ್ಟಿನದು ಇನ್ನೊಂದು ಕಥೆ. ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಸೋಸಿ ಮಾಡುವ ಈ ಹಿಟ್ಟು ಇನ್‌ಸ್ಟಾಗ್ರಾಂನಲ್ಲಿ ಧಾರಾಳವಾಗಿ ಮಾರಾಟಕ್ಕಿದೆ, ನಗುವ ಕೂಸಿನ ಚಿತ್ರದ ಜೊತೆಗೆ. ಶಿಶು ಹಾಲಿನ ಬದಲಿಗಳ 1992ರ ಕಾಯಿದೆ, ಅದಕ್ಕೆ ಬಂದ 2003ರ ತಿದ್ದುಪಡಿ ಎರಡು ವರ್ಷದೊಳಗಿನ ಮಕ್ಕಳ ಆಹಾರದ ಜಾಹೀರಾತನ್ನೇ ನಿಷೇಧಿಸಿವೆ. ದೊಡ್ಡ ಹಾಲಿನಪುಡಿ ಕಂಪನಿಗಳನ್ನು ಹಿಡಿಯಲು ಮಾಡಿದ ಕಾಯಿದೆ ಅದು. ಆದರೂ ಅದರ ಪದಗಳ ಬಲೆಗೆ ಸರಿ ಮಾಡುವ ಅಜ್ಜಿಯೂ ಸಿಕ್ಕಿಬೀಳುತ್ತಾಳೆ. ಮಧುಮೇಹ ವಾಸಿಮಾಡುವ ನುಗ್ಗೆಸೊಪ್ಪಿನ ಪುಡಿ ಎಂದು ಬರೆಯುವವರು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರ ಕಾಯಿದೆಯ ಗಡಿ ದಾಟುತ್ತಾರೆ. ಬಣ್ಣದ ವಿಷಯಕ್ಕೆ ಬಂದರೆ, ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಯಲ್ಲಿ ರೋಡಮೈನ್-ಬಿಯಂಥ ಬಣ್ಣ ಬಳಸುವುದನ್ನು ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿತು, ಕೆಲವೇ ತಿಂಗಳಲ್ಲಿ ಕಬಾಬಿನ ಕೃತಕ ಬಣ್ಣವನ್ನೂ ನಿಷೇಧಿಸಿತು.

ಒಲೆ ಉರಿಸುವ ಅನಿಲಕ್ಕೂ ಕಟ್ಟಳೆಯಿದೆ. 14.2 ಕಿಲೋ ಸಿಲಿಂಡರ್ ಮನೆಬಳಕೆಗೆ; ವ್ಯಾಪಾರಕ್ಕೆ 19 ಕಿಲೋದ್ದು ಬೇಕೆಂದು 2000ದ ಎಲ್‌ಪಿಜಿ ಆದೇಶದ ಆಶಯ. ಸಂಸಾರದ ಸಾರೂ ಮಾರಾಟದ ಸಾರಿನಪುಡಿಯೂ ಒಂದೇ ಬರ್ನರ್ ಮೇಲೆ ಆಗುವ ಮನೆಯಲ್ಲಿ ಇದನ್ನು ಬಿಡಿಸಿ ನೋಡುವುದು ಹೇಗೆಂದು ಯಾವ ಆದೇಶವೂ ವಿವರಿಸಿಲ್ಲ. ಅಪಾರ್ಟ್‌ಮೆಂಟುಗಳಲ್ಲಿ ಸಂಘದ ಉಪನಿಯಮಗಳು, ಬಾಡಿಗೆಮನೆಯಲ್ಲಿ ಕರಾರುಪತ್ರ, ಕೆಲವು ಊರುಗಳಲ್ಲಿ ನಗರಸಭೆಯ ಉದ್ದಿಮೆ ಪರವಾನಗಿ ಇವನ್ನೂ ನೋಡಿಕೊಳ್ಳಬೇಕು. ಮಸಾಲೆ ಹುರಿಯುವ ಘಾಟಿಗೆ ಕೆಮ್ಮಿದ ನೆರೆಮನೆಯವರ ದೂರು ಅಧಿಕಾರಿಗಿಂತ ಮೊದಲು ಬರುತ್ತದೆ.

ತೆರಿಗೆ

ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ, ಊಟ ಒದಗಿಸುವಂಥ ಸೇವೆಯಾದರೆ 20 ಲಕ್ಷ ದಾಟಿದಾಗ ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿ ಬೇಕು. ಹಪ್ಪಳಕ್ಕೆ ತೆರಿಗೆಯಿಲ್ಲ. ಉಪ್ಪಿನಕಾಯಿ ಮತ್ತು ಕಟ್ಟಿದ ಖಾರದ ಕುರುಕಲಿನ ಮೇಲಿದ್ದ ಶೇ 12 ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 5ಕ್ಕೆ ಇಳಿಯಿತು. ಮನೆಯಿಂದ ಮಾರುವವರು ಗಮನಿಸದ ಒಂದು ಅಂಶ ರಾಜ್ಯದ ಗಡಿಯದು: ತೆರಿಗೆಯಿರುವ ಸರಕನ್ನು ಹೊರರಾಜ್ಯಕ್ಕೆ ಮಾರಿದರೆ ವಹಿವಾಟು ಎಷ್ಟೇ ಚಿಕ್ಕದಿರಲಿ ನೋಂದಣಿ ಕಡ್ಡಾಯ. ಪುಣೆಯ ಗಿರಾಕಿಗೆ ಹಪ್ಪಳ ಕಳಿಸಿದರೆ ತೊಂದರೆಯಿಲ್ಲ, ಅದೇ ಡಬ್ಬದಲ್ಲಿ ಒಂದು ಬಾಟಲಿ ಉಪ್ಪಿನಕಾಯಿ ಇಟ್ಟರೆ ಲೆಕ್ಕ ಬದಲಾಗುತ್ತದೆ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳ ಆಧಾರದಲ್ಲಿ ಬೇಕರಿ, ಕಾಂಡಿಮೆಂಟ್ಸ್ ಮುಂತಾದ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದಾಗ, ಬೆಂಗಳೂರಿನ ಹಲವು ಅಂಗಡಿಗಳು ಕ್ಯೂಆರ್ ಚೀಟಿ ಕಿತ್ತು ನಗದು ಮಾತ್ರ ಎಂದು ಬರೆದವು. ಮನೆಯ ಖಾತೆಗೇ ಗಿರಾಕಿಯ ಹಣವೂ ನೆಂಟರ ಉಡುಗೊರೆಯೂ ಬೀಳುವವರು ವ್ಯಾಪಾರಕ್ಕೆ ಬೇರೆ ಖಾತೆ ತೆರೆಯುವುದು ಆ ಗದ್ದಲದಿಂದ ಕಲಿಯಬೇಕಾದ ಕೆಲಸ.

ಮನೆ ಮೀರಿದಾಗ

ವ್ಯಾಪಾರ ಬೆಳೆದರೆ ಎರಡು ದಾರಿ. ಒಂದು, ಮನೆಯೊಳಗೇ ಉಳಿದು ಕೂಡಿ ಬೆಳೆಯುವುದು. 1959ರಲ್ಲಿ ಮುಂಬೈಯ ಗಿರ್ಗಾಂವ್‌ನಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲದಿಂದ ಶುರುಮಾಡಿದ ಲಿಜ್ಜತ್ ಪಾಪಡ್ ಈ ದಾರಿಯದು. ಹಿಟ್ಟು ಕಲಸುವುದು ಕೇಂದ್ರದಲ್ಲಿ. ಸದಸ್ಯೆಯರು ಅದನ್ನು ಮನೆಗೊಯ್ದು ಲಟ್ಟಿಸಿ, ಒಣಗಿಸಿ ತಂದುಕೊಡುತ್ತಾರೆ. ಪದಾರ್ಥದ ಹದ ಒಂದೇ ಕಡೆ ಗೊತ್ತಾಗುವುದರಿಂದ ಸಾವಿರಾರು ಮನೆಗಳ ಹಪ್ಪಳಕ್ಕೂ ರುಚಿ ಒಂದೇ. ಕಲಬುರಗಿಯಲ್ಲಿ ಮಹಿಳಾ ಸ್ವಸಹಾಯ ಗುಂಪುಗಳ ಜೋಳದ ರೊಟ್ಟಿಯನ್ನು ಕಲಬುರಗಿ ರೊಟ್ಟಿ ಎಂಬ ಒಂದೇ ಹೆಸರಿನಡಿ ಮಾರಲು ಜಿಲ್ಲಾಡಳಿತ ಮುಂದಾದದ್ದೂ ಇದೇ ಜಾಡಿನಲ್ಲಿ. ಖಡಕ್ ರೊಟ್ಟಿ ತೇವವಿಲ್ಲದ ಪದಾರ್ಥವಾದ್ದರಿಂದ ಇಂಥ ವ್ಯಾಪಾರಕ್ಕೆ ಹೇಳಿ ಮಾಡಿಸಿದ್ದು.

ಇನ್ನೊಂದು ದಾರಿ ಮನೆಯಿಂದ ಶೆಡ್ಡಿಗೆ ಹೋಗುವುದು. ಕೇಂದ್ರ ಸರ್ಕಾರ 2020ರ ಜೂನ್ 29ರಂದು ಆರಂಭಿಸಿದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಪಿಎಂಎಫ್‌ಎಂಇ ಯೋಜನೆ, ಸಾಲ ಪಡೆದು ಕೈಗೊಂಡ ಘಟಕದ ಅರ್ಹ ಯೋಜನಾ ವೆಚ್ಚದಲ್ಲಿ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ಕೊಟ್ಟಿತು. ಸ್ವಸಹಾಯ ಗುಂಪಿನ ಸದಸ್ಯರಿಗೆ ತಲಾ 40,000 ರೂಪಾಯಿ ಮೂಲಬಂಡವಾಳವೂ ಇತ್ತು. ಕರ್ನಾಟಕದಲ್ಲಿ ಇದನ್ನು ನಡೆಸುವ ಹೊಣೆ ರಾಜ್ಯದ ಕೃಷಿ ಉತ್ಪನ್ನಗಳ ಸಂಸ್ಕರಣೆ ಮತ್ತು ರಫ್ತು ನಿಗಮವಾದ ಕೆಪೆಕ್ ಸಂಸ್ಥೆಯದು. ರಾಜ್ಯ ಸರ್ಕಾರ ತನ್ನ ಪಾಲು ಸೇರಿಸಿ ಸಹಾಯಧನವನ್ನು ಹೆಚ್ಚಿಸಿತು. ನೋಂದಣಿಯ ಗಡಿ ದಾಟಿ ಪರವಾನಗಿಗೆ ಏರಿದವರಿಗೆ ಕಾಗದಪತ್ರ ಒಮ್ಮೆಲೇ ಹೆಚ್ಚುತ್ತದೆ. ಜಾಗದ ನಕ್ಷೆ, ಯಂತ್ರಗಳ ಪಟ್ಟಿ, ನೀರಿನ ಪರೀಕ್ಷಾ ವರದಿ ಕೊಡಬೇಕು. 4ನೆಯ ಅನುಸೂಚಿಯ ಎರಡನೆಯ ಭಾಗದ ಕಠಿಣ ಕಟ್ಟಳೆಗಳಿಗೆ ಬದ್ಧರಾಗಬೇಕು. ಪ್ರತಿ ವರ್ಷ ಮೇ 31ರೊಳಗೆ ಡಿ-1 ನಮೂನೆಯಲ್ಲಿ ಏನೇನು ಎಷ್ಟೆಷ್ಟು ಮಾಡಿದೆವೆಂಬ ಲೆಕ್ಕ ಸಲ್ಲಿಸಬೇಕು. ನೋಂದಣಿಯವರಿಗೆ ಈ ವಾರ್ಷಿಕ ಲೆಕ್ಕದಿಂದ ವಿನಾಯಿತಿಯಿದೆ. ಗಡಿಯ ಹತ್ತಿರ ಬಂದವರು ಅಕ್ಕನ ಹೆಸರಲ್ಲೊಂದು, ಅತ್ತಿಗೆಯ ಹೆಸರಲ್ಲೊಂದು ನೋಂದಣಿ ಮಾಡಿಸಿ ವಹಿವಾಟನ್ನು ಹಂಚಿಬಿಡುವುದೂ ಉಂಟು. ಅಡುಗೆಮನೆ ಒಂದೇ, ಒಲೆ ಒಂದೇ ಎಂದು ತಪಾಸಣೆಯಲ್ಲಿ ಕಂಡುಬಂದರೆ ಎರಡೂ ಹೆಸರಿನವರು ಉತ್ತರ ಹೇಳಬೇಕಾಗುತ್ತದೆ.